ಕನ್ನಡಕ ಹಾಕಿಕೊಂಡರೆ ಸೂಪರ್‌ಮ್ಯಾನ್ ಗುರುತು ಸಿಗಲ್ವಾ?

ನಮ್ಮ ಮನೆಯ ಕಪಾಟಿನಲ್ಲಿ ಸೂಪರ್‌ಮ್ಯಾನ್ ಕಾಮಿಕ್ಸ್ ಕಂಡವರೆಲ್ಲ ಕೇಳುವುದು ಇದನ್ನೇ. "ಅಲ್ಲ, ಅದೇ ಮುಖ, ಅದೇ ಮೈಕಟ್ಟು. ಒಂದು ಕನ್ನಡಕ ಏರಿಸಿಕೊಂಡು ಪತ್ರಿಕಾ ಕಚೇರಿಗೆ ಹೋದರೆ ಪಕ್ಕದಲ್ಲಿ ಕೂರುವವರಿಗೂ ಗೊತ್ತಾಗಲ್ವಾ?"

ನಾನು ವಾದ ಮಾಡುವುದಿಲ್ಲ. 'ಆಲ್-ಸ್ಟಾರ್ ಸೂಪರ್‌ಮ್ಯಾನ್' ತೆಗೆದು ಅವರ ಕೈಗೆ ಕೊಡುತ್ತೇನೆ. 2005ರಿಂದ 2008ರವರೆಗೆ ಹನ್ನೆರಡು ಸಂಚಿಕೆಗಳಲ್ಲಿ ಬಂದ ಕಥೆ ಅದು. ಬರೆದವರು ಗ್ರಾಂಟ್ ಮಾರಿಸನ್, ಚಿತ್ರ ಬಿಡಿಸಿದವರು ಫ್ರಾಂಕ್ ಕ್ವೈಟ್ಲಿ. ಇಬ್ಬರೂ ಸ್ಕಾಟ್ಲೆಂಡಿನ ಗ್ಲಾಸ್ಗೋ ಊರಿನವರು.

ಅದರಲ್ಲಿ ಕ್ಲಾರ್ಕ್ ಕೆಂಟ್, ಅಂದರೆ ಕನ್ನಡಕ ಹಾಕಿ ಪತ್ರಕರ್ತನಾಗಿ ಬದುಕುವ ಸೂಪರ್‌ಮ್ಯಾನ್, ನಿಂತಿರುವ ರೀತಿ ನೋಡಿ. ಭುಜ ಜೋತುಬಿದ್ದಿದೆ. ಬೆನ್ನು ಬಾಗಿದೆ. ಹೊಟ್ಟೆ ಸ್ವಲ್ಪ ಮುಂದೆ ಬಂದಿದೆ. ಆ ದೊಡ್ಡ ಮೈ ಅಳತೆ ತಪ್ಪಿದ ಸೂಟಿನೊಳಗೆ ಬರೀ ದಪ್ಪಗಿನ ಮೈಯಂತೆ ಕಾಣುತ್ತದೆ. ಎಲ್ಲಿ ಕೈಯಿಡಬೇಕು, ಎಲ್ಲಿ ಕಾಲಿಡಬೇಕು ಎಂದು ಗೊತ್ತಿಲ್ಲದ ಹಳ್ಳಿಯ ದೊಡ್ಡ ಹುಡುಗ. ಆಮೇಲೆ ಅದೇ ಮನುಷ್ಯ ಬೆನ್ನು ನೆಟ್ಟಗೆ ಮಾಡಿ, ಗದ್ದ ಎತ್ತಿ ನಿಲ್ಲುತ್ತಾನೆ. ಮೂಗು ಬಾಯಿ ಎಲ್ಲ ಅವೇ. ಆದರೂ ಬೇರೆ ಆಳು! ಕನ್ನಡಕದ ಪಾಲು ಇದರಲ್ಲಿ ತೀರಾ ಕಡಿಮೆ. ಅವನನ್ನು ಮರೆಮಾಡುವುದು ಅವನ ನಿಲುವು, ನಡಿಗೆ, ಮುಜುಗರ.

ಕ್ವೈಟ್ಲಿ ಇಷ್ಟಕ್ಕೇ ನಿಲ್ಲಿಸುವುದಿಲ್ಲ. ಮೊದಲ ಸಂಚಿಕೆಯಲ್ಲಿ ಕ್ಲಾರ್ಕ್ ಬೀದಿಯಲ್ಲಿ ಒಬ್ಬನಿಗೆ ಡಿಕ್ಕಿ ಹೊಡೆಯುತ್ತಾನೆ. ಆ ಮನುಷ್ಯ ಬೈಯುತ್ತಾನೆ. ಚಿತ್ರವನ್ನು ಇನ್ನೊಮ್ಮೆ ನೋಡಿದರೆ ಮಾತ್ರ ಗೊತ್ತಾಗುವುದು: ಡಿಕ್ಕಿ ಆಗದೇ ಇದ್ದಿದ್ದರೆ ಮೇಲಿಂದ ಬಿದ್ದದ್ದು ಅವನ ತಲೆಯ ಮೇಲೇ ಬೀಳುತ್ತಿತ್ತು. ಐದನೆಯ ಸಂಚಿಕೆಯಂತೂ ಇಡೀ ಇದರ ಮೇಲೆಯೇ ನಿಂತಿದೆ. ಕ್ಲಾರ್ಕ್ ಜೈಲಿಗೆ ಹೋಗಿ, ಸೂಪರ್‌ಮ್ಯಾನ್‌ನ ಬದ್ಧವೈರಿ ಲೆಕ್ಸ್ ಲೂಥರ್‌ನ ಸಂದರ್ಶನ ಮಾಡುತ್ತಾನೆ. ಅಲ್ಲಿ ಗಲಾಟೆ ಏಳುತ್ತದೆ. ಕ್ಲಾರ್ಕ್ ಎಡವುತ್ತಾನೆ, ತಡವರಿಸುತ್ತಾನೆ, ಹಾಗೆ ಮಾಡುತ್ತಲೇ ಲೂಥರ್‌ನ ಜೀವ ಮತ್ತೆ ಮತ್ತೆ ಉಳಿಸುತ್ತಾನೆ. ಜಗತ್ತಿನಲ್ಲೇ ಜಾಸ್ತಿ ಬುದ್ಧಿವಂತ ಎಂದು ಬೀಗುವ ಲೂಥರ್‌ಗೆ ಕೊನೆವರೆಗೂ ತಿಳಿಯುವುದಿಲ್ಲ. ಮಾತಿನಲ್ಲಿ ಯಾರೂ ಇದನ್ನು ವಿವರಿಸುವುದಿಲ್ಲ. ಚಿತ್ರ ಓದುವವರಿಗಷ್ಟೇ ಸಿಗುವ ಕಥೆ ಇದು. ಆ ಸಂಚಿಕೆಯನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ.

ಕ್ವೈಟ್ಲಿ ಬಿಡಿಸುವ ಮುಖಗಳು ಕೆಲವರಿಗೆ ಹಿಡಿಸುವುದಿಲ್ಲ. ಮೊದಲು ನನಗೂ ವಿಚಿತ್ರ ಅನಿಸಿತ್ತು. ತುಟಿ ದಪ್ಪ, ಕೆನ್ನೆ ಊದಿದಂತೆ. ಸೂಪರ್‌ಮ್ಯಾನ್ ಚಡ್ಡಿಯಲ್ಲೂ ಸುಕ್ಕುಗಳಿವೆ! ಆದರೆ 1938ರಲ್ಲಿ ಜೆರಿ ಸೀಗಲ್ ಜೊತೆ ಸೇರಿ ಈ ಪಾತ್ರ ಹುಟ್ಟಿಸಿದ ಚಿತ್ರಕಾರ ಜೋ ಶುಸ್ಟರ್ ಕೊಟ್ಟ ಉಡುಪೂ ಸರ್ಕಸ್ಸಿನ ಪೈಲ್ವಾನರ ಉಡುಪಿನಂತೆಯೇ ಇತ್ತು. ಕ್ವೈಟ್ಲಿಯ ಚಿತ್ರದಲ್ಲಿ ಅದು ಮತ್ತೆ ನಿಜವಾದ ಬಟ್ಟೆ ಆಗಿದೆ, ಒಳಗೆ ನಿಜವಾದ ಮೈ ಇದೆ.

ಮೊದಲ ಸಂಚಿಕೆಯ ಮುಖಪುಟವನ್ನು ಹೇಳದೆ ಬಿಡಲಾರೆ. ಮುಷ್ಟಿ ಬಿಗಿದಿಲ್ಲ, ಹಲ್ಲು ಕಚ್ಚಿಲ್ಲ. ಮೋಡದ ಮೇಲೆ ಆರಾಮಾಗಿ ಕೂತು, ಹೆಗಲ ಮೇಲಿಂದ ನಮ್ಮತ್ತ ತಿರುಗಿ ನೋಡುತ್ತಾನೆ. ಕೆಳಗೆ ಊರು. ಇದರ ಹಿಂದೊಂದು ಘಟನೆ ಇದೆ. ಸ್ಯಾನ್ ಡಿಯೇಗೋದಲ್ಲಿ ಸೂಪರ್‌ಮ್ಯಾನ್ ವೇಷ ಹಾಕಿದ ಒಬ್ಬನನ್ನು ಮಾರಿಸನ್ ಕಂಡರಂತೆ. ಮೊಣಕಾಲು ಮಡಚಿಕೊಂಡು, ಯಾವ ಅವಸರವೂ ಇಲ್ಲದೆ ಕೂತಿದ್ದನಂತೆ. ಯಾವುದೂ ತನ್ನನ್ನು ನೋಯಿಸಲಾರದು ಎಂದು ಗೊತ್ತಿರುವವನು ಮೈ ಬಿಗಿದುಕೊಂಡು ಯಾಕೆ ನಿಲ್ಲಬೇಕು, ಅಲ್ವಾ? ಮಾರಿಸನ್‌ಗೆ ಹೊಳೆದ ಈ ಮಾತನ್ನು ಕ್ವೈಟ್ಲಿ ಮೈಯ ಪ್ರತಿ ಗೆರೆಯಲ್ಲೂ ತಂದಿದ್ದಾರೆ. ಸೂಪರ್‌ಹೀರೋ ಅಂದರೆ ಉಬ್ಬಿದ ಸ್ನಾಯು ಎಂದು ನಂಬಿದ್ದ ನನಗೆ ಆ ಸಡಿಲ ಭುಜಗಳು ಹೊಸ ಪಾಠವಾಗಿದ್ದವು.

ಹತ್ತನೆಯ ಸಂಚಿಕೆಯಲ್ಲಿ ಒಂದೇ ಪುಟದ ಪ್ರಸಂಗವಿದೆ. ಆ ಹೊತ್ತಿಗೆ ಸೂಪರ್‌ಮ್ಯಾನ್ ಸಾಯುತ್ತಿದ್ದಾನೆ. ಸೂರ್ಯನ ಹತ್ತಿರ ಹೋಗಿ ವಿಜ್ಞಾನಿಯೊಬ್ಬನನ್ನು ಉಳಿಸಲು ಹೋದಾಗ ಅತಿಯಾದ ಬಿಸಿಲಿನ ಶಕ್ತಿ ಅವನ ಮೈಸೇರಿದೆ. ಮಾಡಿ ಮುಗಿಸಬೇಕಾದ ಕೆಲಸ ಬೆಟ್ಟದಷ್ಟಿದೆ. ಅಷ್ಟರಲ್ಲೇ, ಎತ್ತರದ ಕಟ್ಟಡದ ಅಂಚಿನಲ್ಲಿ ಹುಡುಗಿಯೊಬ್ಬಳು ಒಂಟಿಯಾಗಿ ನಿಂತಿದ್ದಾಳೆ. ಇವನು ಹಾರಿ ಬಂದು ಹಿಡಿಯುವುದಿಲ್ಲ. ಸುಮ್ನೆ ಹಿಂದೆ ಬಂದು ನಿಲ್ಲುತ್ತಾನೆ. ನಿನ್ನನ್ನು ನೋಡಬೇಕಿದ್ದ ಡಾಕ್ಟರ್ ನಿಜವಾಗಲೂ ದಾರಿಯಲ್ಲಿ ಸಿಕ್ಕಿಹಾಕಿಕೊಂಡಿದ್ದರು ಅನ್ನುತ್ತಾನೆ. ನೀನು ಅಂದುಕೊಂಡಿರುವುದಕ್ಕಿಂತ ನೀನು ಗಟ್ಟಿ ಅನ್ನುತ್ತಾನೆ. ಅವಳು ತಿರುಗಿ ಅವನನ್ನು ತಬ್ಬಿಕೊಳ್ಳುತ್ತಾಳೆ.

ಮನೆಗೆ ಬಂದು ಪ್ರಶ್ನೆ ಕೇಳಿದವರಿಗೆ ಜೈಲಿನ ಸಂಚಿಕೆ ತೋರಿಸಿದ ಮೇಲೆ ಈ ಪುಟವನ್ನೂ ತೆರೆದು ಕೊಡುತ್ತೇನೆ. ಅಷ್ಟು ಹೊತ್ತೂ ಕನ್ನಡಕದ ಬಗ್ಗೆ ಮಾತಾಡುತ್ತಿದ್ದವರು ಇಲ್ಲಿ ಬಂದಾಗ ಸ್ವಲ್ಪ ಹೊತ್ತು ಏನೂ ಮಾತಾಡುವುದಿಲ್ಲ.