ಎಂಡಿ-ಪಿಎಚ್‌ಡಿ ಅರ್ಜಿಗೆ ರೋಗದ ಹೆಸರು ಸಾಲದು

ಅಮೆರಿಕದ ಒಂದು ಮೆಡಿಕಲ್ ಕಾಲೇಜಿನ ಲ್ಯಾಬಿನಲ್ಲಿ ನನ್ನ ಕೆಲಸ. ನಮ್ಮಲ್ಲಿ ಒಂದೆರಡು ವರ್ಷ ದುಡಿದು, ಡಾಕ್ಟರಿಕೆ, ಸಂಶೋಧನೆ ಎರಡರ ಡಿಗ್ರಿಯನ್ನೂ ಒಟ್ಟಿಗೆ ಕೊಡುವ ಎಂಡಿ-ಪಿಎಚ್‌ಡಿಗೆ ಅರ್ಜಿ ಹಾಕುವ ಹುಡುಗ ಹುಡುಗಿಯರು, ಬೇಸಿಗೆ ಬಂತೆಂದರೆ ಪ್ರಬಂಧ ಹಿಡಿದುಕೊಂಡು ಬರುತ್ತಾರೆ. ಅವರಲ್ಲಿ ಕನ್ನಡದ ಮನೆಯ ಮಕ್ಕಳೂ ಇರುತ್ತಾರೆ.

ಮಾಮೂಲಿ ಮೆಡಿಕಲ್ ಪ್ರಬಂಧದ ಜೊತೆ ಇವರು ಇನ್ನೆರಡು ಬರೆಯಬೇಕು. ಎರಡೂ ಡಿಗ್ರಿ ಯಾಕೆ ಬೇಕು ಅನ್ನುವುದಕ್ಕೆ 3,000 ಅಕ್ಷರಗಳ ಮಿತಿ. ಮಾಡಿದ ಸಂಶೋಧನೆಗೆ 10,000. ಜಾಸ್ತಿ ಸತಾಯಿಸುವುದು ಆ ಚಿಕ್ಕದೇ.

ಒಬ್ಬ ಹುಡುಗಿ ಬರೆದಿದ್ದಳು: 'ನನಗೆ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಯ ಸಂಶೋಧನೆಯಲ್ಲಿ ತುಂಬಾ ಆಸಕ್ತಿ. ಲ್ಯಾಬಿನ ಫಲ ರೋಗಿಗಳಿಗೆ ಸಿಗಬೇಕು.' ಯಾರಿಗೆ ತಾನೇ ಬೇಡ? 'ಸರಿ, ನಿನಗೆ ಗೊತ್ತಾಗಬೇಕಾಗಿರೋದು ಏನು?' ಅಂದೆ.

ಆಗ ಮಾತು ಹೊರಟಿತು. ಮಗು ಹೊಟ್ಟೆಯಲ್ಲಿದ್ದಾಗ ಇರುವ ಫೀಟಲ್ ಹಿಮೋಗ್ಲೋಬಿನ್ ಹುಟ್ಟಿದ ಮೇಲೆ ಕಡಿಮೆಯಾಗುತ್ತದೆ. ಅದು ಜಾಸ್ತಿ ಉಳಿದವರಲ್ಲಿ ಈ ಕಾಯಿಲೆ ಅಷ್ಟು ಕಾಡುವುದಿಲ್ಲ. ಈ ಹಿಮೋಗ್ಲೋಬಿನ್ ತಯಾರಾಗುವುದನ್ನು ತಡೆಯುವುದರಲ್ಲಿ ಬಿಸಿಎಲ್11ಎ ಜೀನಿನದು ದೊಡ್ಡ ಪಾತ್ರ. 2023ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಕ್ಯಾಸ್ಜೆವಿ ಚಿಕಿತ್ಸೆ ಈ ಜೀನನ್ನೇ ಅಡಗಿಸುತ್ತದೆ. ಆದರೆ ಅದಕ್ಕೂ ಮೊದಲು ಅಸ್ಥಿಮಜ್ಜೆ ಖಾಲಿ ಮಾಡಲು ಕೀಮೋ ಕೊಡಬೇಕು. 'ಅಂಕಲ್, ಆ ಕೀಮೋ ತಡೆಯೋ ಶಕ್ತಿ ಎಲ್ಲರಿಗೂ ಇರಲ್ಲ. ಮಾತ್ರೆಯಲ್ಲೇ ಆ ಜೀನನ್ನ ಅಡಗಿಸೋಕಾಗತ್ತಾ?'

ಇದನ್ನೇ ಬರೆ ಅಂದೆ. ಇದರಲ್ಲಿ ವಾರ್ಡೂ ಇದೆ, ಲ್ಯಾಬೂ ಇದೆ. ಎರಡೂ ಡಿಗ್ರಿ ಯಾಕೆ ಅಂತ ಬೇರೆ ವಿವರಣೆಯೇ ಬೇಕಿಲ್ಲ.

ಮುಂದಿನ ಗುರಿಯೂ ಹಾಗೆಯೇ ಕೈಗೆ ಸಿಗುವಂತಿರಲಿ. ವಾರದಲ್ಲಿ ನಾಲ್ಕು ದಿನ ಲ್ಯಾಬು, ಒಂದು ದಿನ ಕ್ಲಿನಿಕ್ಕು: ಈ ದಾರಿಯಲ್ಲಿ ಸಾಮಾನ್ಯವಾಗಿ ಹೇಳುವ ಲೆಕ್ಕ ಇದು. ಯಾವ ರೋಗಿಗಳ ಕ್ಲಿನಿಕ್ಕು ಅಂತ ಹೇಳಿದರೆ ಸಾಕು. ಮುಂದೆ ವಿಷಯ ಬದಲಾದರೆ ಏನು ಗತಿ ಅಂತ ಕೆಲವರು ಹೆದರುತ್ತಾರೆ. ಬದಲಾಗಲಿ ಬಿಡಿ, ಆಮೇಲೆ ಈ ಪ್ರಬಂಧ ಹಿಡಿದು ಯಾರೂ ಕೇಳಲು ಬರುವುದಿಲ್ಲ.

ದೊಡ್ಡ ಪ್ರಬಂಧದಲ್ಲಿ ನಿಮ್ಮ ಕೈಯಾರೆ ಮಾಡಿದ್ದು ಯಾವುದು, ಲ್ಯಾಬಿನವರು ಮಾಡಿದ್ದು ಯಾವುದು ಎಂದು ಬಿಡಿಸಿ ಹೇಳಿ. ಜೀವಕೋಶಗಳನ್ನು ಲೇಸರ್‌ನಿಂದ ಅಳೆಯುವ ಫ್ಲೋ ಸೈಟೋಮೆಟ್ರಿ ಮಾಡಿದೆ ಅಂತ ಬರೆದರೆ, ಹೋಲಿಕೆಗೆ ಕಂಟ್ರೋಲ್ ಏನಿಟ್ಟಿದ್ದೆ ಅಂತ ಇಂಟರ್‌ವ್ಯೂನಲ್ಲಿ ಕೇಳೇ ಕೇಳುತ್ತಾರೆ.

ಅಪ್ಪ ಅಮ್ಮಂದಿರ ಪ್ರಶ್ನೆ ಬೇರೆ: ಏಳೆಂಟು ವರ್ಷವಾ? ಹೌದು, ತಜ್ಞ ವೈದ್ಯರಾಗುವ ತರಬೇತಿಯಾದ ರೆಸಿಡೆನ್ಸಿ ಆಮೇಲೆ. ಆದರೆ ಅಮೆರಿಕ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್ 1964ರಿಂದ ನಡೆಸಿಕೊಂಡು ಬಂದಿರುವ, ಈ ಜೋಡಿ ಡಿಗ್ರಿಗೆ ಹಣ ಕೊಡುವ ಯೋಜನೆ ಎಂಎಸ್‌ಟಿಪಿ ಸೇರಿದರೆ ಸಾಮಾನ್ಯವಾಗಿ ಫೀಸು ಕಟ್ಟಬೇಕಾಗಿಲ್ಲ, ಸ್ಟೈಪೆಂಡೂ ಬರುತ್ತದೆ. ಎನ್‌ಐಎಚ್‌ನ ಈ ತರಬೇತಿ ಹಣ ಮಾತ್ರ ಅಮೆರಿಕದ ಪೌರರಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ. ಅಪ್ಪ ಅಮ್ಮನ ಕೆಲಸದ ವೀಸಾದ ಮೇಲೆ ಸಿಗುವ ಎಚ್-4 ವೀಸಾದಲ್ಲಿರುವ ಮಕ್ಕಳನ್ನು ಬೇರೆ ಹಣದಲ್ಲಿ ತೆಗೆದುಕೊಳ್ಳುತ್ತಾರಾ ಅಂತ ಒಂದೊಂದು ಕಾಲೇಜಿಗೂ ಮೇಲ್ ಹಾಕಿ ಕೇಳಬೇಕು. ಪ್ರಬಂಧಕ್ಕೆ ಕೂರುವ ಮೊದಲೇ ಆ ಕೆಲಸ ಮುಗಿಸಿಕೊಳ್ಳಿ.