ಘಾರಾಪುರಿಯಲ್ಲಿ ಮಾವನ ಸೊಂಟ

"ಸೋಮವಾರ ಬರಬೇಡ ಮಾರಾಯ, ಎಲಿಫೆಂಟಾ ಗುಹೆಗೆ ರಜೆ" ಅಂದರು ಮಾವ. ಶಿವನ ವಾರ, ಶಿವನ ಗುಹೆ, ಅವತ್ತೇ ಬಾಗಿಲು ಹಾಕಿರುತ್ತಾರಂತೆ. ಭಾನುವಾರ ಆಗಬಹುದಾ ಅಂತ ಕೇಳಿದೆ. ಸೆಂಟ್ರಲ್ ಲೈನಿನಲ್ಲಿ ಮೆಗಾ ಬ್ಲಾಕ್ ಇರ್ತದೆ, ಹಳಿ ರಿಪೇರಿಗೆ ಲೋಕಲ್ ನಿಲ್ಲಿಸ್ತಾರೆ, ಅದಂತೂ ಬೇಡವೇ ಬೇಡ ಅಂದರು. ಹಾಗೆ ಶನಿವಾರ ಅಂತ ಆಯಿತು.

ಮಾವ ಕುಂದಾಪುರದ ಕಡೆಯವರು. 14ನೇ ವಯಸ್ಸಿಗೆ ಮುಂಬೈಗೆ ಬಂದು ಹೋಟೆಲಿನಲ್ಲಿ ಲೋಟ ತೊಳೆದವರು. ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಆಮೇಲೆ ಅದೇ ಹೋಟೆಲಿನ ಕ್ಯಾಶಿಗೆ ಕೂತರು. ಈಗ ಡೊಂಬಿವಲಿಯಲ್ಲಿ ಮಗನ ಮನೆಯಲ್ಲಿದ್ದಾರೆ. ಹರೆಯದಲ್ಲಿ ಅವರು ಹವ್ಯಾಸಿ ತಂಡದಲ್ಲಿ ಯಕ್ಷಗಾನದ ಸ್ತ್ರೀವೇಷ ಮಾಡುತ್ತಿದ್ದರು ಅಂತ ಅರ್ಧಂಬರ್ಧ ಕೇಳಿದ್ದೆ. ಮನೆಯಲ್ಲಿ ಆ ಮಾತು ಬಂದರೆ ಯಾರೋ ಒಬ್ಬರು ನಗುತ್ತಿದ್ದರು, ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಬೆಳಗಿನ ಲೋಕಲ್. ಠಾಣೆ ದಾಟಿದ ಮೇಲೆ ಇಬ್ಬರು ಮಂಗಳಮುಖಿಯರು ನಮ್ಮ ಡಬ್ಬಿಗೆ ಹತ್ತಿದರು. ಇಲ್ಲಿ ಅವರನ್ನು ಕಿನ್ನರ್ ಅಂತ ಕರೆಯುತ್ತಾರೆ. ಚಪ್ಪಾಳೆ ಕೇಳಿದ್ದೇ ತಡ, ಅರ್ಧ ಡಬ್ಬಿ ನಿದ್ದೆಗೆ ಜಾರಿತು. ನಾನು ಫೋನಿನಲ್ಲಿ ತುಂಬ ಮುಖ್ಯವಾದ ಏನನ್ನೋ ಓದತೊಡಗಿದೆ. ಮಾವ ಮಾತ್ರ ಜೇಬಿನಿಂದ ಹತ್ತು ರೂಪಾಯಿ ತೆಗೆದು ಕೊಟ್ಟು, ತಲೆ ಬಗ್ಗಿಸಿದರು. ಆಕೆ ತಲೆ ಮುಟ್ಟಿ ಮುಂದೆ ಹೋದಳು.

"ಕೈ ಕಂಡ್ಯಾ? ಬೆರಳೆಲ್ಲ ಬಿಡಿಸಿ, ಅಂಗೈಗೆ ಅಂಗೈ ಹೊಡೀತಾರೆ. ನಾವು ಹೊಡೆದರೆ ಆ ಶಬ್ದ ಬರೂದಿಲ್ಲ" ಅಂದರು. ನಾನು ಕೈ ನೋಡಿರಲಿಲ್ಲ.

ಗೇಟ್‌ವೇ ಆಫ್ ಇಂಡಿಯಾದಿಂದ ಲಾಂಚ್ ಹತ್ತಿದರೆ ದ್ವೀಪಕ್ಕೆ ಒಂದು ಗಂಟೆ. ದಾರಿಯುದ್ದಕ್ಕೂ ದೊಡ್ಡ ಹಡಗುಗಳು, ಬಂದರಿನ ಕ್ರೇನುಗಳು. ಊರಿನ ನಿಜವಾದ ಹೆಸರು ಘಾರಾಪುರಿ. ದಡದಲ್ಲಿದ್ದ ಕಲ್ಲಾನೆ ನೋಡಿ ಎಲಿಫೆಂಟಾ ಅಂದವರು ಪೋರ್ಚುಗೀಸರು. ಆ ಆನೆ ಈಗ ಇಲ್ಲಿಲ್ಲ, ಬೈಕಲಾದ ಮ್ಯೂಸಿಯಂ ಪಕ್ಕದಲ್ಲಿದೆ. ಇಮ್ಮಡಿ ಪುಲಕೇಶಿ ಹಡಗು ಕಟ್ಟಿಕೊಂಡು ಹೋಗಿ ಪಡುವಣ ಕಡಲಿನ ಪುರಿಯನ್ನು ಗೆದ್ದ ಅಂತ 634ರ ಐಹೊಳೆ ಶಾಸನದಲ್ಲಿದೆ ಅಲ್ವಾ? ಆ ಪುರಿ ಇದೇ ಅನ್ನುವ ಇತಿಹಾಸಕಾರರಿದ್ದಾರೆ. ಅದನ್ನು ಹೇಳಿದಾಗ ಮಾವನಿಗೆ ಭಾರಿ ಖುಷಿ. "ಹಾಗಾದರೆ ನಾವು ಮುಂಬೈಗೆ ಬಂದದ್ದು ಹೋಟೆಲಿಗಾಗಿ ಮಾತ್ರ ಅಲ್ಲ!"

ಜೆಟ್ಟಿಯಿಂದ ಮೇಲಕ್ಕೆ ಮೆಟ್ಟಿಲುಗಳು. ಎರಡೂ ಕಡೆ ಸರ, ಟೋಪಿ, ಕಲ್ಲಿನ ಗಣಪತಿ ಮಾರುವ ಅಂಗಡಿಗಳು. ಕೋತಿಯೊಂದು ನನ್ನ ಜೋಳದ ತೆನೆ ಕಸಿದುಕೊಂಡಿತು. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ಗುಹೆಯ ಒಳಗೆ ಹೋದ ಕೂಡಲೇ ತಂಪು. ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಎಲ್ಲರೂ ನೇರ ತ್ರಿಮೂರ್ತಿಯ ಕಡೆ ನಡೆಯುತ್ತಾರೆ, ನಾವೂ ನಡೆದೆವು. ಹೆಸರು ತ್ರಿಮೂರ್ತಿ ಅಂತಿದ್ದರೂ ಬ್ರಹ್ಮ, ವಿಷ್ಣು ಅಲ್ಲಿಲ್ಲ. ಮೂರೂ ಶಿವನ ಮುಖಗಳೇ, ಇದು ಸದಾಶಿವ. ನಮ್ಮ ಎಡಕ್ಕಿರುವುದು ಮೀಸೆಯ ಉಗ್ರ ಮುಖ. ಬಲಕ್ಕಿರುವುದು ಹೆಣ್ಣಿನ ಮುಖದಂತೆ ಮೆತ್ತಗಿದೆ. ಮಾವ ಅಲ್ಲಿ ಜಾಸ್ತಿ ನಿಲ್ಲಲಿಲ್ಲ. ಅದರ ಎಡಪಕ್ಕದ ಗೋಡೆಗೆ ಹೋಗಿ ನಿಂತವರು ಅಲ್ಲಿಂದ ಕದಲಲೇ ಇಲ್ಲ.

ಅದು ಅರ್ಧನಾರೀಶ್ವರ. ಆರನೇ ಶತಮಾನದ ಕೆಲಸ. ಎತ್ತರ ಮೂರು ಆಳಿನಷ್ಟು. ಕೆಳಗಿನ ಭಾಗ ಪೂರ್ತಿ ಒಡೆದಿದೆ. ಶಿವನ ಕೈ ನಂದಿಯ ಮೇಲೆ, ಹೆಣ್ಣು ಬದಿಯ ಮೇಲ್ಗೈಯಲ್ಲಿ ಕನ್ನಡಿ. ಪಕ್ಕದಲ್ಲಿ ಗೈಡ್ ಒಬ್ಬ ಹಿಂದಿಯಲ್ಲಿ ಗುಂಪಿಗೆ ಹೇಳುತ್ತಿದ್ದ: ಗಂಡು ಹೆಣ್ಣು ಸಮಾನ ಅಂತ ನಮ್ಮ ಹಿರಿಯರು ಆಗಲೇ ತೋರಿಸಿದ್ದರು, ಮುಂದೆ ಬನ್ನಿ.

"ಸಮಾನ ಎಂತ ಸಮಾನ" ಅಂದರು ಮಾವ ಮೆಲ್ಲಗೆ. "ಅರ್ಧ ಅವನು, ಅರ್ಧ ಅವಳು, ನಡುವೆ ಗೆರೆ ಹಾಕಿ ಅಂಟಿಸಿದ್ದಲ್ಲ ಇದು. ಸೊಂಟ ಕಾಣು."

ಹಾಗಂದವರು ಚೀಲ ನನ್ನ ಕೈಗೆ ಕೊಟ್ಟರು. ಚಪ್ಪಲಿ ಬಿಟ್ಟರು. ಎಪ್ಪತ್ತು ದಾಟಿದ ಮನುಷ್ಯ, ಶರ್ಟು ಪ್ಯಾಂಟಿನಲ್ಲಿ, ಎಡಗಾಲಿಗೆ ಭಾರ ಬಿಟ್ಟು ನಿಂತರು. ಎಡದ ಸೊಂಟ ಹೊರಗೆ ಬಂತು. ಸೊಂಟ ಬಂದ ಕೂಡಲೇ ಬಲದ ಭುಜ ತಾನಾಗಿ ಇಳಿದು, ಅಲ್ಲಿಲ್ಲದ ನಂದಿಗೆ ಒರಗಿತು. ಎಡಗೈ ಎತ್ತಿದರು. ಅಷ್ಟೇ. ಗೋಡೆಯಲ್ಲೊಂದು, ನೆಲದ ಮೇಲೊಂದು.

"ಮೂರ್ತಿಗೆ ಕಾಲಿಲ್ಲ. ಆದರೂ ಭಾರ ಎಲ್ಲಿದೆ ಅಂತ ಗೊತ್ತಾಗ್ತದೆ. ಹೆಣ್ಣಿನ ಸೊಂಟ ಹೊರಗೆ ಬಂದದ್ದಕ್ಕೇ ಗಂಡಿನ ಭುಜ ವಾಲಿದ್ದು. ಒಂದು ಬದಿ ತೆಗೆದರೆ ಇನ್ನೊಂದು ನಿಲ್ಲೂದಿಲ್ಲ, ಬೀಳ್ತದೆ. ಕೆತ್ತಿದವನಿಗೆ ಇದು ಗೊತ್ತಿತ್ತು. ಮೋಹಿನಿ ವೇಷ ಕಟ್ಟಿದ ನನಗೂ ಗೊತ್ತು."

ಬಾದಾಮಿಯ ಮೊದಲ ಗುಹೆಯಲ್ಲೂ ಅರ್ಧನಾರೀಶ್ವರ ಇದ್ದಾನೆ, ಹತ್ತಿರದಲ್ಲಿ ಬರೀ ಎಲುಬಿನ ಭೃಂಗಿ. ಪಾರ್ವತಿಯನ್ನು ಬಿಟ್ಟು ಶಿವನಿಗೆ ಮಾತ್ರ ಸುತ್ತು ಬರುತ್ತೇನೆ ಅಂತ ಹಟ ಹಿಡಿದ ಋಷಿ. ಇಬ್ಬರೂ ಒಂದೇ ಮೈಯಾದಾಗ ದುಂಬಿಯಾಗಿ ನಡುವೆ ಕೊರೆಯಲು ಹೊರಟನಂತೆ. ಪಾರ್ವತಿ ಶಾಪ ಕೊಟ್ಟಳು, ರಕ್ತ ಮಾಂಸ ಇಳಿದು ನಿಲ್ಲಲೂ ಆಗಲಿಲ್ಲ. ಕೊನೆಗೆ ಶಿವನೇ ಮೂರನೇ ಕಾಲು ಕೊಟ್ಟ. ಬಾದಾಮಿಯಲ್ಲಿ ನಾನು ಅದನ್ನೊಂದು ತಮಾಷೆ ಕಥೆಯಾಗಿ ಕೇಳಿದ್ದೆ. ಮಾವ ನಿಂತ ಭಂಗಿ ನೋಡಿದ ಮೇಲೆ ಭೃಂಗಿ ಕೊರೆಯಲು ಹೋದ ಜಾಗ ಯಾವುದು ಅಂತ ಗೊತ್ತಾಯಿತು.

ಹಿಂದೆ ಕಾಲೇಜು ಹುಡುಗರು ಕಿಸಕ್ ಅಂದರು. ಮಾವ ಚಪ್ಪಲಿ ಮೆಟ್ಟಿಕೊಂಡರು. ಅಷ್ಟರಲ್ಲಿ ನಾನೊಂದು ಫೋಟೋ ತೆಗೆದಿದ್ದೆ.

"ಗ್ರೂಪಿಗೆ ಹಾಕಬೇಡ" ಅಂದರು.

ವಾಪಸ್ ಲಾಂಚಿನಲ್ಲಿ ಹಕ್ಕಿಗಳು ಕುರುಕಲು ಹುಡುಕಿ ಹಿಂದೆ ಬಂದವು. ಮಾವ ತಾವಾಗಿ ಮಾತು ತೆಗೆದರು. ಮಳೆಗಾಲದಲ್ಲಿ ಊರಿನ ಮೇಳಗಳಿಗೆ ತಿರುಗಾಟ ಇರುವುದಿಲ್ಲ. ಆಗ ಕಲಾವಿದರು ಮುಂಬೈಗೆ ಬರುತ್ತಿದ್ದರು, ಅವರಿಂದಲೇ ಹೆಜ್ಜೆ ಕಲಿತದ್ದು. ಆಟದ ರಾತ್ರಿ ಚಂಡೆಯ ಎದುರು ಮೋಹಿನಿಯಾಗಿ ಬಂದರೆ ಶಿಳ್ಳೆ, ನೋಟಿನ ಮಾಲೆ. ಬಣ್ಣ ಹಚ್ಚುವ ಚೌಕಿಗೆ ಬಂದು ಕಾಲಿಗೆ ಬಿದ್ದವರೂ ಇದ್ದರಂತೆ. ಮರುದಿನ ಬೆಳಿಗ್ಗೆ ಹೋಟೆಲಿನ ಅಡುಗೆಮನೆಯಲ್ಲಿ ಅದೇ ಜನ ಹಿಂದಿನಿಂದ ಬಂದು ಸೊಂಟ ಚಿವುಟುತ್ತಿದ್ದರು. ಕರೆಯುತ್ತಿದ್ದ ಹೆಸರನ್ನು ಮಾವ ಹೇಳಲಿಲ್ಲ. ಮದುವೆ ಗೊತ್ತಾದ ವರ್ಷ ಗೆಜ್ಜೆ ಬಿಚ್ಚಿಟ್ಟರು.

ನಮ್ಮ ಪುರಾಣದಲ್ಲಿ ಎಲ್ಲಾ ಇತ್ತು, ಬ್ರಿಟಿಷರು ಬಂದು ಕೆಡಿಸಿದರು ಅನ್ನೋದು ಈಗ ಸುಲಭದ ಮಾತು. ಅದರಲ್ಲಿ ಒಂದು ಪಾಲು ನಿಜ. ಹಿಜ್ರಾಗಳ ಹೆಸರನ್ನು ಪೊಲೀಸರ ಪಟ್ಟಿಗೆ ಹತ್ತಿಸುವ ಕಾಯಿದೆ ತಂದದ್ದು ಅವರೇ, 1871ರಲ್ಲಿ. ಸಲಿಂಗ ಸಂಬಂಧವನ್ನು ಅಪರಾಧ ಮಾಡಿದ 377ನೇ ಕಲಮೂ ಅವರದ್ದೇ. ಒಪ್ಪಿ ಕೂಡಿದ ದೊಡ್ಡವರ ಮೇಲಿಂದ ಸುಪ್ರೀಂ ಕೋರ್ಟು ಅದನ್ನು ಎತ್ತಿದ್ದು 2018ರಲ್ಲಿ. ಆದರೆ ಅಡುಗೆಮನೆಯಲ್ಲಿ ಚಿವುಟಿದವರು ಬ್ರಿಟಿಷರಲ್ಲ. ಶಿಖಂಡಿ ಅನ್ನುವ ಹೆಸರನ್ನು ಬೈಗುಳ ಮಾಡಿಕೊಂಡವರೂ ನಾವೇ. ಅರ್ಜುನ ಒಂದು ವರ್ಷ ಬೃಹನ್ನಳೆಯಾಗಿ ಗೆಜ್ಜೆ ಕಟ್ಟಿದ, ವಿಷ್ಣು ಮೋಹಿನಿಯಾದ, ಸರಿ. ಕಥೆ ಮುಗಿಯುವಾಗ ಇಬ್ಬರೂ ವೇಷ ಕಳಚಿಟ್ಟು ಮೊದಲಿನಂತಾದರು. ಸವದತ್ತಿ ಎಲ್ಲಮ್ಮನ ಜೋಗಪ್ಪಗೆ ಕಳಚಲು ವೇಷವೇ ಇಲ್ಲ. ಮುತ್ತು ಕಟ್ಟಿಸಿಕೊಂಡು ಸೀರೆ ಉಟ್ಟರೆ ಅದು ಜೀವ ಇರುವವರೆಗೆ. ಜನ ಅವರ ತಲೆಯ ಮೇಲಿನ ಕೊಡಕ್ಕೆ ಕೈ ಮುಗಿಯುತ್ತಾರೆ, ಬಾಡಿಗೆಗೆ ಮನೆ ಕೊಡುವುದಿಲ್ಲ.

ಮಂಜಮ್ಮ ಜೋಗತಿ 2021ರಲ್ಲಿ ಪದ್ಮಶ್ರೀ ತೆಗೆದುಕೊಳ್ಳುವಾಗ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದದ್ದು ನೆನಪಿದೆಯಾ ಅಂತ ಕೇಳಿದೆ. "ನೆನಪಿಲ್ಲದೆ ಎಂತ, ನಾಲ್ಕು ಸಲ ಕಂಡಿದ್ದೆ" ಅಂದರು ಮಾವ. "ಸೆರಗು ಹಿಡಿದ ರೀತಿ ಕಾಣಬೇಕು. ಅದು ಕಲಿತು ಬರೂದಲ್ಲ."

ಸಂಜೆಯ ಲೋಕಲ್‌ನಲ್ಲಿ ನಿಲ್ಲಲೂ ಜಾಗ ಇರಲಿಲ್ಲ. ಜೇಬಿನಲ್ಲಿ ಹತ್ತರ ನೋಟು ಇಟ್ಟುಕೊಂಡಿದ್ದೆ, ಯಾರೂ ಬರಲಿಲ್ಲ.

ರಾತ್ರಿ ಊಟಕ್ಕೆ ಕೊಚ್ಚಕ್ಕಿ ಗಂಜಿ, ಉಪ್ಪಿನಕಾಯಿ. ಮಾವ ಕೈ ತೊಳೆಯಲು ಎದ್ದಾಗ ಫೋಟೋ ಅತ್ತೆಗೆ ತೋರಿಸಿದೆ. ನಗುತ್ತಾರೆ ಅಂದುಕೊಂಡಿದ್ದೆ. ಅತ್ತೆ ಕನ್ನಡಕ ಹಾಕಿಕೊಂಡು, ಬೆರಳಲ್ಲಿ ದೊಡ್ಡದು ಮಾಡಿ, ತುಂಬ ಹೊತ್ತು ನೋಡಿದರು.

"ಆಗ ಬಾಗು ಇನ್ನೂ ಜಾಸ್ತಿ ಇತ್ತು" ಅಂದರು. "ಮದುವೆಗೆ ಮುಂಚೆ ಒಂದೇ ಸಲ ಕಂಡದ್ದು ನಾನು, ಮಾಟುಂಗಾದ ಆಟದಲ್ಲಿ. ಈ ಹುಡುಗನೇ ಆಗಬೇಕು ಅಂತ ಅಪ್ಪಯ್ಯನ ಹತ್ರ ಹೇಳಿದ್ದೆ." ಆಮೇಲೆ ಫೋಟೋವನ್ನು ತಮ್ಮ ಫೋನಿಗೆ ಕಳಿಸಿಕೊಂಡರು.

ಬೆಳಿಗ್ಗೆ ಏಳುವಷ್ಟರಲ್ಲಿ ಅದು ಗ್ರೂಪಿನಲ್ಲಿತ್ತು. ಹಾಕಿದ್ದು ನಾನೇ ಅಂತ ಮಾವ ಇವತ್ತಿಗೂ ಬೈಯುತ್ತಾರೆ.