ಫ್ರೀಜರ್ ತುಂಬಾ ಅವರೆಕಾಳು

ಕೋಲಾರದಲ್ಲಿದ್ದುಕೊಂಡು ಟೊಮೆಟೊಗೆ ದುಬಾರಿ ಬೆಲೆ ಕೊಡೋದು ಅಂದ್ರೆ ಹೊಟ್ಟೆ ಉರಿಯುತ್ತದೆ. 2023ರ ಜುಲೈನಲ್ಲಿ ನಮ್ಮ ಎಪಿಎಂಸಿಯಲ್ಲೇ 15 ಕೆಜಿ ಬಾಕ್ಸ್ 2000 ರೂಪಾಯಿ ದಾಟಿತ್ತು, ನೆನಪಿದೆ ಅಲ್ವಾ? ಬೆಲೆ ಬಿದ್ದಾಗ ಅದೇ ಹಣ್ಣನ್ನು ರಸ್ತೆ ಬದಿಗೆ ಸುರಿಯುತ್ತಾರೆ. ಆಗ ಬೆಳೆದವರಿಗೆ ನಷ್ಟ, ಏರಿದಾಗ ಕೊಳ್ಳುವವರಿಗೆ ನಷ್ಟ, ಮಧ್ಯೆ ಲಾಭ ಯಾರಿಗೋ. ನಾನಂತೂ ಅಗ್ಗ ಇದ್ದಾಗ ತಂದು, ತೊಳೆದು ಒರೆಸಿ, ಇಡೀ ಹಣ್ಣನ್ನೇ ಫ್ರೀಜರ್‌ಗೆ ಹಾಕುತ್ತೇನೆ. ಬೇಕಾದಾಗ ನಲ್ಲಿ ಕೆಳಗೆ ಹಿಡಿದರೆ ಸಿಪ್ಪೆ ತಾನೇ ಜಾರುತ್ತದೆ. ಕೋಸಂಬರಿಗೆ ಆಗಲ್ಲ, ಮೆತ್ತಗಾಗಿರುತ್ತದೆ. ಸಾರು, ಗೊಜ್ಜಿಗೆ ಏನೂ ತೊಂದರೆಯಿಲ್ಲ.

ಇನ್ನು ಅವರೆಕಾಯಿ. ಚಳಿಗಾಲ ಕಳೆದರೆ ಸೊಗಡಿನ ಕಾಯಿ ಮುಗಿಯಿತು. ಅದಕ್ಕೇ ಜನವರಿಯಲ್ಲೇ ಕಾಳು ಬಿಡಿಸಿ, ಕುದಿಯುವ ನೀರಲ್ಲಿ ಎರಡು ನಿಮಿಷ ಬಿಟ್ಟು, ತಕ್ಷಣ ತಣ್ಣೀರಿಗೆ ಹಾಕಿ, ನೀರು ಪೂರ್ತಿ ಬಸಿದು, ಒಂದು ಹೊತ್ತಿನ ಅಡುಗೆಗೆ ಆಗುವಷ್ಟನ್ನೇ ಸಣ್ಣ ಕವರ್‌ಗಳಲ್ಲಿ ಗಾಳಿ ತೆಗೆದು ಕಟ್ಟಿಡುತ್ತೇನೆ. ಮೇ ತಿಂಗಳಲ್ಲಿ ಮುದ್ದೆ ಜೊತೆ ಅವರೆಕಾಳು ಸಾರು!

ತುಂಬಿದ ಫ್ರೀಜರ್ ಕರೆಂಟ್ ಹೋದರೂ ಜಾಸ್ತಿ ಹೊತ್ತು ತಣ್ಣಗಿರುತ್ತದೆ, ಸುಮ್ನೆ ಬಾಗಿಲು ತೆಗೆಯುತ್ತಿರಬಾರದು ಅಷ್ಟೇ. ಮಕ್ಕಳಿಗೆ ಮಾತ್ರ ಐಸ್‌ಕ್ರೀಮ್‌ಗೆ ಜಾಗ ಇಲ್ಲ ಅಂತ ಸಿಟ್ಟು.